ಎಡಗೈಯ ಹಿಡಿತ

ಪರದೆಯ ಮೇಲೆ ನಿಂತುಹೋದ ಚಿತ್ರ: ಅಖಾಡದಲ್ಲಿ ಅಂಗಾತ ಬಿದ್ದಿರುವ ಒಬ್ಬ ಮಲ್ಲ, ಅವನ ತಲೆಯನ್ನು ಎರಡೂ ಕೈಗಳಿಂದ ಅವುಚಿಕೊಂಡು, ಗಾಳಿಯಿಲ್ಲದ ಕೊಳದಂತೆ ನಿಶ್ಚಲನಾಗಿರುವ ಇನ್ನೊಬ್ಬ. ಅಖಾಡದ ಸುತ್ತ ಕಟ್ಟಿದ ಹಗ್ಗದ ಮೇಲೆ ಅಭಿಮಾನಿಗಳು ಎಸೆದ ಕೆಂಪು ಕಾಗದದ ಸುರುಳಿಯೊಂದು ಜೋತಿದೆ.

ಟೋಕಿಯೋದ ಆ ಪಾನಗೃಹದಲ್ಲಿ ಕುಸ್ತಿಪ್ರಿಯರ ಸಂಘದವರು ಲೋಕ ಮರೆತ ಪಂದ್ಯಗಳನ್ನು ಒಬ್ಬರಿಗೊಬ್ಬರು ಶಿಫಾರಸು ಮಾಡುವ ಸಂಜೆ ಅದು. ಈ ಪಂದ್ಯದ ಡಿವಿಡಿ ತಂದವಳು ಹೊಸ ಸದಸ್ಯೆ ಚಿಗುಸಾ. ಚಿತ್ರ ನಿಲ್ಲಿಸಿದವನು ಸಂಘದ ಹಿರಿಯ ಇವಾಕಿರಿ. ತನ್ನ ಕಣ್ಣಿಗೆ ಬೀಳದ್ದು ಕುಸ್ತಿಯಲ್ಲೇ ಇಲ್ಲವೆಂದು ನಂಬಿದ್ದವನು.

“ಇದು ಕುಸ್ತಿನೋ ಜೋಗುಳಾನೋ, ಚಿಗುಸಾ? ಅವತ್ತು ನಾನು ಅಲ್ಲೇ ಇದ್ದೆ. ‘ಹಾಸಿಗೆ ಹಾಸ್ಕೊಡ್ಲೇನೋ, ಸೋಮಾರಿ!’ ಅಂತ ಮೊದಲು ಕೂಗಿದ್ದೇ ನಾನು!” ಎಲ್ಲರೂ ನಕ್ಕರು.

“ಹಿಡ್ಕೊಂಡಿರೋರ ಎಡಗೈ ನೋಡಿ, ಇವಾಕಿರಿ-ಸಾನ್.” ಆ ಕೈ ಬಿದ್ದವನ ಕತ್ತಿನಡಿ ಬಟ್ಟಲಿನಂತೆ ಹರಡಿತ್ತು. “ಕೆಳಗಿದ್ದೋರಿಗೆ ಕತ್ತು ಉಳುಕಿ ಕಾಲು ಜೋಮು ಹಿಡಿದಿತ್ತು. ಕಾಲಾಡೋವರೆಗೂ ಹಾಗೇ ಹಿಡ್ಕೊಂಡಿದ್ರು ನಮ್ಮಪ್ಪ. ಸೋಮಾರಿ ಅನ್ನೋ ಹೆಸರು ಸಾಯೋವರೆಗೂ ಅವರನ್ನ ಬಿಡ್ಲಿಲ್ಲ. ಇಲ್ಲಿ ಒಬ್ಬರಾದ್ರೂ ಆ ಕೈ ಗುರುತಿಸ್ತಾರೆ ಅಂತ ಇದನ್ನ ತಂದೆ.”

ಇವಾಕಿರಿ ತಡವರಿಸಿದ. “ಕೂತ್ಕೊಳ್ಳಮ್ಮ. ಈ ವರ್ಷದ ಅತ್ಯುತ್ತಮ ಪಂದ್ಯ ಅಂತ ಇದನ್ನೇ ಆರಿಸೋಣ.”

“ಬೇಡ ಬಿಡಿ. ನಿಮ್ಮ ಬೈಗುಳಾನೇ ಹೇಗೋ ಸಹಿಸ್ಕೊಂಡ್ರು. ಹೊಗಳಿಕೆ ಬೇರೆ ಯಾಕೆ ಹೊರಿಸ್ಲಿ?”

ಅವಳು ಡಿವಿಡಿ ತೆಗೆದುಕೊಂಡಳು, ಪರದೆ ಕಪ್ಪಾಯಿತು. ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.