ಪೆಟ್ರೋಲ್ ಮುಚ್ಚಳದ ಗಂಧ

ಈಗಲೂ ಯಾರಾದರೂ ಗಂಧ ತೇಯುತ್ತಿದ್ದರೆ ನನಗೆ ಅದರ ಜೊತೆ ಪೆಟ್ರೋಲಿನ ವಾಸನೆಯೂ ಬರುತ್ತದೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಮಾವನ ಹಳೆಯ ಕಾರಿಗೆ ಎರಡೇ ಸೀಟು. ಆಯುಧಪೂಜೆಯ ಮರುದಿನ ಮಧ್ಯಾಹ್ನ ಅಜ್ಜಿಯನ್ನೂ ಅವಳ ತೊಡೆಯ ಮೇಲೆ ನನ್ನನ್ನೂ ಕೂರಿಸಿಕೊಂಡು ಮಾವ ಭಟ್ಕಳದಿಂದ ಮಂಕಿಗೆ ಹೊರಟ. ಅಲ್ಲಿ ಅಜ್ಜಿಯ ತಂಗಿ ಹಾಸಿಗೆ ಹಿಡಿದಿದ್ದಳು.

ನಾಲ್ಕು ಮೈಲಿಗೆ ಎಂಜಿನ್ ಕೆಮ್ಮಿ ನಿಂತಿತು. ಮಾವ ಟ್ಯಾಂಕಿನ ಮುಚ್ಚಳ ತೆಗೆದು, ಪೊರಕೆಯಿಂದ ಕಿತ್ತಿಟ್ಟುಕೊಂಡಿದ್ದ ಹಿಡಿಕಡ್ಡಿ ಅದ್ದಿ ನೋಡಿದ. ಪೆಟ್ರೋಲ್ ಬೇಕಾದಷ್ಟಿತ್ತು. ಮುಂದೆ ಬಂದು ಎಂಜಿನ್ನಿನ ಹ್ಯಾಂಡಲ್ ತಿರುಗಿಸಿದರೆ ಏನೂ ಆಗದಂತೆ ಹೊರಟಿತು. ಮುರ್ಡೇಶ್ವರದ ತಿರುವಿನಲ್ಲಿ ಮತ್ತೆ ಅದೇ ಕತೆ.

"ನಿನ್ನೆ ನಾನೇ ಕೈಯಾರೆ ಪೂಜೆ ಮಾಡಿದ್ದೆ, ಎಂತ ಆತು ಇದಕ್ಕೆ? ಅವಳ ಮುಖ ನೋಡೂಕೆ ಸಿಕ್ತದೋ ಇಲ್ವೋ" ಎಂದು ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮೂರನೇ ಸಲ ಮುಚ್ಚಳ ತಿರುವಿದಾಗ ಟ್ಯಾಂಕು ಸುಂಯ್ ಎಂದು ಗಾಳಿ ಎಳೆದುಕೊಂಡಿದ್ದು ನನಗೂ ಕೇಳಿಸಿತು. ಮಾವ ಮುಚ್ಚಳವನ್ನು ಬಿಸಿಲಿಗೆ ಹಿಡಿದ. ಗಾಳಿಯಾಡಲೆಂದು ಅದರಲ್ಲಿದ್ದ ಸಣ್ಣ ತೂತಿನ ಮೇಲೆ ಅಜ್ಜಿ ಹಚ್ಚಿದ ಗಂಧ ದಪ್ಪಗೆ ಒಣಗಿತ್ತು. ಅವನು ನನ್ನತ್ತ ಕಣ್ಣು ಮಿಟುಕಿಸಿ, ಹಿಡಿಕಡ್ಡಿಯಿಂದ ತೂತನ್ನಷ್ಟೇ ಬಿಡಿಸಿದ.

"ಎಂತ ಆಗಿತ್ತೋ?" ಎಂದಳು ಅಜ್ಜಿ.

"ಎಂತ ಇಲ್ಲ ಆಯಿ, ಎಂಜಿನ್ ಕಾದಿತ್ತು."

"ಗಂಧ ಹಚ್ಚಿದ್ದಕ್ಕೆ ಇಷ್ಟಾದ್ರೂ ಓಡ್ತು, ನೋಡು."

"ಹೌದು" ಎಂದ ಮಾವ.

ಸಂಜೆಯೊಳಗೆ ಅಕ್ಕತಂಗಿಯರು ಕೈ ಹಿಡಿದುಕೊಂಡು ಕೂತಿದ್ದರು.

ಆಮೇಲೆ ಪ್ರತಿ ವರ್ಷ ಪೂಜೆ ಮುಗಿದ ಕೂಡಲೇ ಮಾವ ಹಿಡಿಕಡ್ಡಿ ಹಿಡಿದು ಸದ್ದಿಲ್ಲದೆ ಕಾರಿನ ಹಿಂದೆ ಹೋಗುತ್ತಿದ್ದ. ಅಜ್ಜಿಯಿಲ್ಲದ ಮೊದಲ ಆಯುಧಪೂಜೆಗೆ ಅವನೇ ಗಂಧ ತೇಯ್ದು ಮುಚ್ಚಳಕ್ಕೆ ಹಚ್ಚಿದ, ತೂತು ಪೂರಾ ಮುಚ್ಚುವಷ್ಟು ದಪ್ಪಗೆ.