ಹಸಿರು ಇರುಳು

“ಏನ್ಲಾ ಇದು, ಮನ್ಸರ ಮುಖಕ್ಕೂ ಹಸಿರು ಬಳ್ದ್‌ಬುಟ್ಟಿದ್ದೀಯ? ಎಲ್ಲಾ ಗಿಣಿ ಆಗೋಗವ್ರೆ!” ಮಗ ಮಾಡಿದ್ದ ರಟ್ಟಿನ ಪೆಟ್ಟಿಗೆಯ ತೂತಿಗೆ ಕಣ್ಣಿಟ್ಟ ಯಲ್ಲಮ್ಮ ನಕ್ಕರು. ಒಳಗೆ ಚನ್ನಪಟ್ಟಣದ ಮರದ ಗೊಂಬೆ ಸಿಪಾಯಿಗಳು, ಬಂಡೆ, ಮುಳ್ಳುತಂತಿ. ಕಪ್ಪು ಬಿಟ್ಟರೆ ಉಳಿದದ್ದೆಲ್ಲ ಹಸಿರೇ.

“ಗಡೀಲಿ ರಾತ್ರಿ ನೋಡೋ ದುರ್ಬೀನು ಹಾಕ್ಕಂಡ್ರೆ ನಂಗೆ ಇಂಗೇ ಕಾಣೋದು ಕಣವ್ವ,” ಎಂದ, ರಜೆಗೆ ಬಂದಿದ್ದ ಮಗ ಮಧುಕುಮಾರ್. “ಒಸಿ ಹುಡುಕು, ಇನ್ನೊಂದು ಜೀವ ಐತೆ.”

ಯಲ್ಲಮ್ಮನ ನಗು ನಿಂತಿತು. ಮಗ ಸೈನ್ಯ ಸೇರಿದಂದಿನಿಂದ ಅವರ ಮನಸ್ಸಿನಲ್ಲಿ ಅವನು ಏನೂ ಕಾಣದ ಕಗ್ಗತ್ತಲಲ್ಲೇ ಕಾವಲು ನಿಂತಿದ್ದ. ಉಸಿರು ಬಿಗಿಹಿಡಿದು ಹುಡುಕಿದರು. ಬಂಡೆಯ ಬುಡದಲ್ಲಿ, ತಿಳಿಹಸಿರಲ್ಲಿ ತೀಡಿದ, ಅವರೆಕಾಳಿನಷ್ಟು ಚಿಕ್ಕ ಮೊಲ ಕಂಡಿತು.

“ಸದ್ಯ!” ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಮೊಲಾನೇ ಕಂಡ ಮ್ಯಾಲೆ, ಕದ್ದು ಮನ್ಸ ಬಂದ್ರೆ ನಿಂಗೆ ಕಾಣ್ದೆ ಇದ್ದಾನಾ?”