ಬಿಳಿ ಕುದುರೆಯ ಹೊಟ್ಟೆಯಡಿ

ಪರದೇಶದ ಈ ಪಾಮರ್ಸ್ಟನ್ ನಾರ್ತ್ ಊರಿನಲ್ಲಿ ಇವತ್ತು ಮೊಮ್ಮಗಳು ಮೊದಲ ಸಲ ಕುದುರೆ ಸವಾರಿ ಮಾಡಿ ಬಂದು ತಬ್ಬಿಕೊಂಡಾಗ, ಅವಳ ಸ್ವೆಟರಿನ ಕುದುರೆ ವಾಸನೆಗೆ ನನ್ನ ಬಾಲ್ಯವೇ ಉಕ್ಕಿಬಂತು.

ನಮ್ಮಪ್ಪ ಊರ ಕುದುರೆಲಾಯದಲ್ಲಿ ಚಾಕರಿಗಿದ್ದ. ಅಲ್ಲಿ ಕುದುರೆ ಪಳಗಿಸುತ್ತಿದ್ದ ಅರಬ್ ಮುದುಕ, "ನಮ್ಮ ಮರಳುಗಾಡಿನ ಡೇರೆಗಳಲ್ಲಿ ಹೆಣ್ಣುಕುದುರೆ ಮಕ್ಕಳ ಜೊತೆಗೇ ಮಲಗುತ್ತೆ" ಅನ್ನುತ್ತಿದ್ದ. "ಒದೆ ತಿಂದಮೇಲೆ ಹೇಳಿ, ಸಾಬ್ರೇ" ಅಂತ ಅಪ್ಪ ನಗುತ್ತಿದ್ದ.

ಒಂದು ಮಧ್ಯಾಹ್ನ ನಾನು ಲಾಯದ ಬಿಳಿ ಹೆಣ್ಣುಕುದುರೆಗೆ ಹಾಸಿದ್ದ ಹುಲ್ಲಿನಲ್ಲೇ ನಿದ್ದೆಹೋದೆ. ಕಣ್ಣುಬಿಟ್ಟರೆ ಮೇಲೆ ಅದರ ಬೆಚ್ಚಗಿನ ಹೊಟ್ಟೆ, ಸುತ್ತ ನಾಲ್ಕು ಕಾಲು. ಬಾಗಿಲಲ್ಲಿ ಅಪ್ಪ ಕುದುರೆಯನ್ನು ಅಟ್ಟಲು ಚಾಟಿ ಎತ್ತಿದ್ದ. ಮುದುಕ ಅವನ ಕೈ ಹಿಡಿದು, "ಬೆದರಿಸಬೇಡ ಮಗಾ. ಆಗಲಿಂದ ನೊಣ ಕಚ್ಚಿದರೂ ಅವಳು ಕಾಲು ಕದಲಿಸಿಲ್ಲ" ಅಂದ.

ನಾನು ತೆವಳಿಕೊಂಡು ಹೊರಬಂದೆ. ಅಪ್ಪ ನನ್ನನ್ನು ಎತ್ತಿಕೊಳ್ಳುವ ಮೊದಲು ಕುದುರೆಯ ಮುಂಗಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.